ಲೈಂಗಿಕ ಒಲವು ಮತ್ತು ‘ಒಂದು ಜೀನಿ’ನ ಕಲ್ಪನೆ

ಲೈಂಗಿಕ ಒಲವು ಹುಟ್ಟಿನಿಂದ ಬಂದುದೋ ಪರಿಸರದಿಂದ ರೂಪುಗೊಂಡುದೋ ಎಂಬ ಚರ್ಚೆಗೆ 1993ರಲ್ಲಿ ಡೀನ್ ಹ್ಯಾಮರ್ ಮತ್ತು ಸಂಗಡಿಗರ ಸಂಶೋಧನೆ ಹೊಸ ತಿರುವು ನೀಡಿತು. ಸಲಿಂಗಾಸಕ್ತ ಸಹೋದರರ 40 ಜೋಡಿಗಳಲ್ಲಿ 33 ಜೋಡಿಗಳು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನ ತುದಿಯ ಒಂದು ಭಾಗವನ್ನು ಸಮಾನವಾಗಿ ಪಡೆದಿದ್ದವು. ಆಕಸ್ಮಿಕವಾಗಿಯಾದರೆ ಅರ್ಧದಷ್ಟನ್ನು ಮಾತ್ರ ನಿರೀಕ್ಷಿಸಬಹುದಿತ್ತು. ಪತ್ರಿಕೆಗಳು ಇದನ್ನು ‘ಸಲಿಂಗಕಾಮದ ಜೀನು’ ಎಂದೇ ಸಾರಿದವು. 1999ರಲ್ಲಿ ಕೆನಡಾದ 52 ಜೋಡಿಗಳ ಅಧ್ಯಯನ ಈ ಸಂಬಂಧವನ್ನು ಸಮರ್ಥಿಸಲಿಲ್ಲ.

2019ರಲ್ಲಿ 4,77,522 ಜನರ ವಂಶವಾಹಿ ಮಾಹಿತಿಯಲ್ಲಿ ಐದು ನೆಲೆಗಳು ಗೋಚರಿಸಿದವು. ಎಲ್ಲ ಸಾಮಾನ್ಯ ವ್ಯತ್ಯಯಗಳನ್ನು ಕೂಡಿಸಿದರೂ ಅವು ವಿವರಿಸುವುದು ಶೇಕಡಾ 8ರಿಂದ 25ರಷ್ಟನ್ನು ಮಾತ್ರ. ಇಲ್ಲಿ ಪರಿಭಾಷೆಯ ಎಚ್ಚರ ಅಗತ್ಯ: ಅಲ್ಲಿ ಅಳೆದದ್ದು ಒಮ್ಮೆಯಾದರೂ ಸಲಿಂಗ ಸಂಪರ್ಕವಿತ್ತೇ ಎಂಬುದನ್ನು. ಅದು ವರ್ತನೆ, ಒಲವಲ್ಲ.

ಉಳಿದ ಪಾಲೆಲ್ಲ ‘ಬೆಳೆಸಿದ ರೀತಿ’ಯದೆಂದು ಭಾವಿಸುವುದು ಇನ್ನೂ ದೊಡ್ಡ ತಪ್ಪು. ಅಣ್ಣಂದಿರ ಸಂಖ್ಯೆ ಹೆಚ್ಚಿದಂತೆ ತಮ್ಮನು ಸಲಿಂಗಾಸಕ್ತನಾಗುವ ಸಂಭಾವ್ಯತೆಯೂ ಹೆಚ್ಚುತ್ತದೆಂದು ಬ್ಲಾಂಚರ್ಡ್ ಮತ್ತು ಬೊಗಾರ್ಟ್ 1996ರಲ್ಲಿ ತೋರಿಸಿದ್ದರು. 2006ರ ಬೊಗಾರ್ಟ್‌ರ ಅಧ್ಯಯನದಲ್ಲಿ ಈ ಪರಿಣಾಮ ಕಂಡದ್ದು ಒಂದೇ ತಾಯಿಯ ಅಣ್ಣಂದಿರಿಂದ, ಅವರೊಡನೆ ಬೆಳೆಯದಿದ್ದಾಗಲೂ. ಒಟ್ಟಿಗೆ ಬೆಳೆದ ದತ್ತು ಅಣ್ಣಂದಿರಿಂದಲ್ಲ. ಗರ್ಭವೂ ಪರಿಸರವೇ. ‘ಜೀನಲ್ಲದ್ದು ತಿದ್ದಬಹುದಾದದ್ದು’ ಎಂಬ ತರ್ಕದ ಮೇಲೆ ನಿಂತ ‘ಪರಿವರ್ತನಾ ಚಿಕಿತ್ಸೆ’ಯನ್ನು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿದುರ್ನಡತೆಯೆಂದು ಘೋಷಿಸಿತು.