ಕಲಿಸುವವರ ಭಯ ಮೊದಲು ದೂರವಾಗಲಿ

ವಯಸ್ಕರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದಂತಲ್ಲ. ಸಾಕ್ಷರತಾ ಕೇಂದ್ರಕ್ಕೋ ಮಹಿಳೆಯರ ವಾರದ ಕುರ್‌ಆನ್ ತರಗತಿಗೋ ಬರುವ ಸಹೋದರಿ ಮನೆಯ ಚಿಂತೆಯನ್ನೂ ಹೊತ್ತು ತರುತ್ತಾಳೆ. ಮನೆಯವರೊಂದಿಗೆ ಹೇಳಲಾಗದ್ದನ್ನು ಟೀಚರ್ ಬಳಿ ಹೇಳಿಕೊಳ್ಳುತ್ತಾಳೆ. "ನನ್ನ ಗಂಡನಿಗೆ ಎಚ್‌ಐವಿ ಇದೆಯಂತೆ, ನಾನೇನು ಮಾಡಲಿ?" ಎಂದು ಆಕೆ ಕೇಳಿದರೆ ನಮ್ಮ ಮುಖದಲ್ಲಿ ಮೊದಲು ಮೂಡುವುದು ಕಾಳಜಿಯೋ, ಅಸಹ್ಯವೋ? ಮುಂದೆ ಮಾತನಾಡಬೇಕೋ ಬೇಡವೋ ಎಂಬುದನ್ನು ಆಕೆ ಅದರಿಂದಲೇ ತೀರ್ಮಾನಿಸುತ್ತಾಳೆ.

ಮಾಹಿತಿ ಇದ್ದ ಮಾತ್ರಕ್ಕೆ ಮನೋಭಾವ ಬದಲಾಗುವುದಿಲ್ಲ. ಜೊತೆಯಲ್ಲಿ ಉಂಡರೆ ಸೋಂಕು ಹರಡದು ಎಂದು ಪಾಠ ಹೇಳುವವರೇ ಸೋಂಕಿತರ ಮನೆಯ ಚಹಾದ ಲೋಟ ಮುಟ್ಟಲು ಹಿಂಜರಿಯುವುದುಂಟು. ಕಲಿಯುವವರು ಪಾಠಕ್ಕಿಂತ ಬೇಗ ಆ ಹಿಂಜರಿಕೆಯನ್ನೇ ಕಲಿಯುತ್ತಾರೆ.

ಉಗಾಂಡದ ಅನುಭವ ಇಲ್ಲಿ ಗಮನಾರ್ಹ. ಏಡ್ಸ್ ಆ ದೇಶವನ್ನು ತತ್ತರಿಸುವಂತೆ ಮಾಡಿದ್ದ ಕಾಲದಲ್ಲಿ ಅಲ್ಲಿನ ಇಸ್ಲಾಮಿಕ್ ಮೆಡಿಕಲ್ ಅಸೋಸಿಯೇಶನ್ ಇಮಾಮರಿಗೇ ಮೊದಲು ತರಬೇತಿ ನೀಡಿತು. ಅವರೊಂದಿಗೆ ತರಬೇತಿ ಪಡೆದ ಸ್ತ್ರೀ-ಪುರುಷ ಸ್ವಯಂಸೇವಕರು ಮನೆ ಮನೆಗೆ ಹೋಗಿ ತಿಳಿಹೇಳಿದರು. ಸುನ್ನತ್ ಮಾಡುವಾಗ ಶುದ್ಧೀಕರಿಸದ ಉಪಕರಣ ಬಳಸುವ ಅಪಾಯವೂ ಅವರ ಪಾಠದಲ್ಲಿತ್ತು. ವಿಶ್ವಸಂಸ್ಥೆಯ ಏಡ್ಸ್ ವಿಭಾಗವು 1998ರಲ್ಲಿ ಈ ಕಾರ್ಯವನ್ನು ಮಾದರಿಯೆಂದು ದಾಖಲಿಸಿತು. ಜನರು ನಂಬುವ ವ್ಯಕ್ತಿ ಮೊದಲು ತಾನು ಅರಿತು, ಬಳಿಕ ನಾಚಿಕೆಯಿಲ್ಲದೆ ಮಾತನಾಡಿದ್ದೇ ಅದರ ಬಲವಾಗಿತ್ತು.

ಹಾಗಾದರೆ ಕಲಿಸುವವರು ತಿಳಿದಿರಬೇಕಾದುದೇನು? ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿ ಹಾಗೂ ತಾಯಿಯಿಂದ ಮಗುವಿಗೆ - ಎಚ್‌ಐವಿ ಹರಡುವ ದಾರಿಗಳು ಇವು. ಕೈಕುಲುಕುವುದು, ಕೆಮ್ಮು, ಸೊಳ್ಳೆ ಕಡಿತ, ಬಟ್ಟೆ, ಪಾತ್ರೆಗಳಿಂದ ಹರಡದು. ಭಾರತದಲ್ಲಿ 1986ರಲ್ಲಿ ಚೆನ್ನೈನಲ್ಲಿ ಮೊದಲ ಸೋಂಕು ಪತ್ತೆಯಾದಾಗ ಇದಕ್ಕೆ ಚಿಕಿತ್ಸೆ ಇರಲಿಲ್ಲ. 2004ರ ಏಪ್ರಿಲ್‌ನಿಂದ ಸರಕಾರ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿಯೇ ಉಳಿದರೆ ದಾಂಪತ್ಯದಲ್ಲಿ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45. ಗರ್ಭಿಣಿಗೆ ಸಕಾಲದಲ್ಲಿ ಔಷಧ ಸಿಕ್ಕರೆ ಅದನ್ನು ಶೇ. 5ಕ್ಕಿಂತ ಕೆಳಗಿಳಿಸಬಹುದು. ಒಂದು ರಕ್ತಪರೀಕ್ಷೆಗೆ ಹೋಗುವಂತೆ ನಾವು ಹೇಳುವ ಮಾತು ಒಂದು ಮಗುವನ್ನೇ ಉಳಿಸೀತು!

"ಅವಳಿಗೆ ಹೇಗೆ ಬಂತು?" ಎಂಬ ಪ್ರಶ್ನೆಯನ್ನು ಕೇಳಲೇಬಾರದು. ಪತಿಯಿಂದಲೇ ಸೋಂಕು ಪಡೆದ ಗೃಹಿಣಿಯರು ಅನೇಕರಿದ್ದಾರೆ. ಪಾಪ-ಪುಣ್ಯದ ತೀರ್ಪು ಅಲ್ಲಾಹನಿಗೆ ಸೇರಿದ್ದು, ರೋಗಿಯ ಆರೈಕೆ ನಮ್ಮ ಪಾಲಿನ ಹೊಣೆ. ಆಕೆ ಹೇಳಿದ ಗುಟ್ಟು ನಮ್ಮಲ್ಲೇ ಇರಲಿ, ಅದು ಅಮಾನತು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾನೂನು ಕೂಡ ಶಿಕ್ಷಣ, ಉದ್ಯೋಗ, ಚಿಕಿತ್ಸೆಯಲ್ಲಿ ಸೋಂಕಿತರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸಿ, ಅವರ ಗೌಪ್ಯತೆಯನ್ನು ರಕ್ಷಿಸುತ್ತದೆ.

ಸಹೋದರಿಯರೇ, ನಮ್ಮ ತರಗತಿಯ ಗೋಡೆಯ ಮೇಲೆ ಉಚಿತ ಸಹಾಯವಾಣಿ 1097 ಎಂದು ಬರೆದಿಡೋಣ. ಬಾಯಿಬಿಟ್ಟು ಕೇಳಲಾಗದವಳು ಅದನ್ನಾದರೂ ಓದಿಕೊಳ್ಳಲಿ. ಆಕೆಗೆ ಅಕ್ಷರ ಕಲಿಸಿದ್ದೂ ಅದಕ್ಕಾಗಿಯೇ ಅಲ್ಲವೇ?