ಏರಿದ್ದಕ್ಕೇ ಹಣ ಸುರಿಯಬಹುದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಮಾರುಕಟ್ಟೆಯ ಸೂಚನೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಈರುಳ್ಳಿಗೆ ಒಳ್ಳೆಯ ಧಾರಣೆ ಸಿಕ್ಕರೆ ಮರುವರ್ಷ ಬಹಳ ಹೊಲಗಳಲ್ಲಿ ಈರುಳ್ಳಿ. ಮಾಲು ಒಮ್ಮೆಲೇ ಬಂದಾಗ ಧಾರಣೆ ಕುಸಿಯುತ್ತದೆ. ಕೆಲವೊಮ್ಮೆ ಸರಕಾರದ ಒಂದು ಆದೇಶವೇ ಸಾಕು: 2023ರ ಡಿಸೆಂಬರಿನಲ್ಲಿ ಕೇಂದ್ರವು ರಫ್ತು ನಿಷೇಧಿಸಿದಾಗ ಈರುಳ್ಳಿ ಬೆಲೆ ಇಳಿಯಿತು. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿ, ಇನ್ನೊಂದು ತುಂಡಿನಲ್ಲಿ ಜೋಳವನ್ನೋ ಮೆಕ್ಕೆಜೋಳವನ್ನೋ ಬಿತ್ತಿದವರು ಅಂಥ ವರ್ಷವನ್ನೂ ಹೇಗೋ ದಾಟುತ್ತಾರೆ.

ಮೊಬೈಲಿನಲ್ಲೇ ಷೇರು ಕೊಳ್ಳುವ ಈ ಕಾಲದಲ್ಲಿ, ಮಕ್ಕಳ ಓದಿಗೆ ಹಣ ಕೂಡಿಸುವ ತಂದೆತಾಯಿಯರೂ ಕಾಲೇಜು ವಿದ್ಯಾರ್ಥಿಗಳೂ ಈ ಹೊಲದ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ನಾಲ್ಕು ಕಂಪೆನಿಗಳಲ್ಲಿ ತಲಾ 10,000 ರೂಪಾಯಿ ಹಾಕಿದ್ದೀರಿ ಎನ್ನೋಣ. ಒಂದರ ಬೆಲೆ ಇಮ್ಮಡಿಯಾಯಿತು. ಉಳಿದವು ಇದ್ದಲ್ಲೇ ಇವೆ. ಒಟ್ಟು 50,000 ರೂಪಾಯಿಯಲ್ಲಿ ಆ ಒಂದು ಕಂಪೆನಿಯ ಪಾಲು ಶೇ. 25ರಿಂದ ಶೇ. 40ಕ್ಕೆ ಏರಿತು. ಅದು ಮತ್ತೆ ಅರ್ಧಕ್ಕೆ ಇಳಿದರೆ ನಷ್ಟ 10,000 ರೂಪಾಯಿ. ಮೊದಲೇ ನಾಲ್ಕನ್ನೂ ತಲಾ 12,500ಕ್ಕೆ ಸರಿದೂಗಿಸಿದ್ದರೆ ನಷ್ಟ 6,250 ಮಾತ್ರ. ಆದರೆ ಆ ಷೇರು ಇನ್ನೂ ಏರಿದರೆ ಲಾಭವೂ ಕಡಿಮೆಯೇ. ನೆಮ್ಮದಿಗೆ ತೆರುವ ಬೆಲೆ ಅದು.

ನಿಫ್ಟಿ ಸೂಚ್ಯಂಕದ 50 ಕಂಪೆನಿಗಳ ಪಾಲು ನಿರ್ಧಾರವಾಗುವುದು, ಪೇಟೆಯಲ್ಲಿ ಓಡಾಡುವ ಅವುಗಳ ಷೇರುಗಳ ಒಟ್ಟು ಬೆಲೆಯ ಮೇಲೆ. ಅಲ್ಲಿ ಏರಿದ್ದರ ಪಾಲು ತಾನಾಗಿ ಹಿಗ್ಗುತ್ತದೆ. ಐವತ್ತರ ಗುಂಪಿಗೆ ಅದು ನಡೆದೀತು, ನಾಲ್ಕರ ಗಂಟಿಗೆ ಅಪಾಯ. 2009ರ ಜನವರಿ 7ರಂದು ಸತ್ಯಂ ಕಂಪೆನಿಯ ಸುಳ್ಳು ಲೆಕ್ಕ ಬಯಲಾದಾಗ ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಲೆ ಕಳೆದುಕೊಂಡಿತು.

ಹಾಗೆಂದು ಸೂಚನೆಗಳನ್ನು ಕಡೆಗಣಿಸಬೇಕಿಲ್ಲ. ಬೆಲೆಯ ಜೊತೆಗೆ ಲಾಭ ಏರಿದೆಯೆ, ಸಾಲ ಬೆಳೆದಿದೆಯೆ ಎಂದು ನೋಡಿ. ಲಾಭ ನಿಂತಲ್ಲೇ ನಿಂತು ಬೆಲೆ ಮಾತ್ರ ಇಮ್ಮಡಿಯಾಗಿದ್ದರೆ ಅದು ಎಚ್ಚರಿಕೆಯ ಗಂಟೆ. ಒಂದು ಕಂಪೆನಿಗೆ ಇಷ್ಟೇ ಪಾಲು ಎಂಬ ಮಿತಿಯನ್ನು ಮೊದಲೇ ಬರೆದಿಟ್ಟು, ವರ್ಷಕ್ಕೊಮ್ಮೆ ತಾಳೆ ನೋಡಿ. ಮಾರುವ ಬದಲು ಹೊಸ ಉಳಿತಾಯವನ್ನು ಹಿಂದೆ ಬಿದ್ದ ಒಳ್ಳೆಯ ಕಂಪೆನಿಗೆ ಹಾಕಿದರೆ ತೆರಿಗೆಯ ಹೊರೆಯೂ ಬೀಳದು.

ಬರುವ ಜೂನಿನಲ್ಲಿ ಕಟ್ಟಬೇಕಾದ ಫೀಸಿನ ಹಣವನ್ನಂತೂ ಷೇರುಪೇಟೆಗೆ ಒಯ್ಯಬೇಡಿ. ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನು ಯಾವ ರೈತನೂ ಪಣಕ್ಕೆ ಇಡುವುದಿಲ್ಲ.