ಹಳ್ಳಿಯ ಹಳೆಯ ಮನೆಯನ್ನು ಅರಸುತ್ತ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಮಾಜ ಬಾಂಧವರಲ್ಲಿ ಅನೇಕರು, ನಿವೃತ್ತಿಯ ದಿನಗಳು ಸಮೀಪಿಸಿದಂತೆ ಹಳ್ಳಿಯಲ್ಲೊಂದು ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಿಕೊಳ್ಳಬೇಕೆಂಬ ಹಂಬಲವನ್ನು ವ್ಯಕ್ತಪಡಿಸುತ್ತಾರೆ. ನಮಗೂ ಅದೇ ಹಂಬಲವಿತ್ತು. 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದಾಗಿ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾದ್ದರಿಂದ, ಮನೆಯೊಂದಿಗೆ ತುಸು ತೋಟವೂ ದೊರೆತೀತೆಂದು ಒಂದು ವರ್ಷ ಕಾಲ ಭಾನುವಾರಗಳಲ್ಲಿ ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳನ್ನು ಸುತ್ತಿದೆವು.

ಕಂಡ ಮನೆಗಳಲ್ಲಿ ಹೆಚ್ಚಿನವು ತೊಟ್ಟಿಮನೆಗಳು. ಮುಂದೆ ಜಗಲಿ, ಒಳಗೆ ನಾಲ್ಕು ಕಂಬಗಳ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಮೂಲೆಯಲ್ಲಿ ಪೂಜೆಯ ಕೋಣೆ. ಎರಡಡಿ ದಪ್ಪದ ಮಣ್ಣಿನ ಗೋಡೆಗಳು ಇನ್ನೂ ಗಟ್ಟಿಯಾಗಿದ್ದವು. ಆದರೆ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವವರಿರಲಿಲ್ಲ. ಒಂದು ಹೆಂಚು ಜಾರಿದರೆ ನೀರು ರೀಪಿಗೆ ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು ಹತ್ತುತ್ತದೆ. ತೊಲೆ ಕುಸಿದರೆ ಮಣ್ಣಿನ ಗೋಡೆ ಎರಡು ಮೂರು ಮಳೆಗೆ ಕರಗುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಒಂದು ಮನೆ ನಮಗೆ ಬಹುವಾಗಿ ಹಿಡಿಸಿತು. ಬೆಲೆಯೂ ಕುದುರುವಂತಿತ್ತು. ಆಗ ಆ ಮನೆಯ ಹಿರಿಯರು ಕೇಳಿದರು: "ಮನೆ ಕೊಡ್ತೀವಿ ಬುದ್ಧಿ. ಹಿತ್ತಲಲ್ಲಿ ನಮ್ಮ ತಾತನ ಸಮಾಧಿ ಐತೆ. ಹಬ್ಬದ ದಿನ ಬಂದು ದೀಪ ಹಚ್ಚಕ್ಕೆ ಬುಡ್ತೀರಾ?"

ಬಿಡುತ್ತೇವೆಂದು ಹೇಳಿದೆವು. ಆದರೆ ನಮ್ಮ ಬಳಿಕ ಕೊಳ್ಳುವವರು ಬಿಟ್ಟಾರೇ? ಮೃತರನ್ನು ಭೂಮಿಗೆ ಒಪ್ಪಿಸುವ ನಮ್ಮ ಸಂಪ್ರದಾಯದಲ್ಲಿ ಹಿರಿಯರ ಸಮಾಧಿಗಳು ಸ್ವಂತ ಹೊಲ, ತೋಟಗಳಲ್ಲಿಯೇ ಇರುವುದು ಸಾಮಾನ್ಯ. ಸಮಾಧಿಯ ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿ ಸ್ಪಷ್ಟವಾಗಿ ಬರೆಸುವವರು ವಿರಳ. ಮಾರುವವರೂ ಕೊಳ್ಳುವವರೂ ಇದನ್ನು ಮರೆಯದೆ ಬರೆಸಬೇಕೆಂದು ವಿನಂತಿಸುತ್ತೇವೆ.

ಆ ದಿನ ಹಿಂದಿರುಗುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ತಿಪಟೂರು ಸೀಮೆಯಲ್ಲಿ ನಮ್ಮದೇ ಪೂರ್ವಿಕರ ಮನೆ ಹನ್ನೆರಡು ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆ. ತೆಂಗಿನ ತೋಟದ ಅಂಚಿನಲ್ಲಿ ಅಜ್ಜ ಅಜ್ಜಿಯರ ಸಮಾಧಿಗಳಿವೆ. ಅದನ್ನು ಬಿಟ್ಟು ಪರರ ಮನೆಯನ್ನು ಹುಡುಕುತ್ತಿದ್ದೆವು. ಕಾರಣವೇನೆಂದರೆ, ಅಲ್ಲಿ ಹನ್ನೊಂದು ಮಂದಿ ಪಾಲುದಾರರು. ಒಬ್ಬರನ್ನು ಕೇಳಲು ಇನ್ನೊಬ್ಬರಿಗೆ ಸಂಕೋಚ.

ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗಲಂತೂ ನಮ್ಮ ಮನೆಗಳಲ್ಲಿ ಮೌನವೇ ಆವರಿಸುತ್ತದೆ. 2005ರ ಕೇಂದ್ರದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿತು. 2020ರಲ್ಲಿ ಸುಪ್ರೀಂ ಕೋರ್ಟು, ಅಂದು ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದು ಸ್ಪಷ್ಟಪಡಿಸಿತು. ಸೋದರತ್ತೆಯರಿಂದ ಅರಿಸಿನ ಕುಂಕುಮದ ಜೊತೆಗೆ ಸಹಿಯನ್ನೂ ಪಡೆದುಬಿಡುವ ಪದ್ಧತಿ ನಮಗೆ ಸರಿ ಕಾಣುವುದಿಲ್ಲ. ಸ್ತ್ರೀಗೆ ಸಮಾನ ಸ್ಥಾನವಿತ್ತ ಶರಣರ ಹೆಸರು ಹೇಳುವ ನಾವು ಮೊದಲು ಅವರ ಇಚ್ಛೆಯನ್ನು ಕೇಳಬೇಡವೇ?

ದುರಸ್ತಿಯ ವಿಷಯ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಹೊರಬರಲಾರದೆ ಒಳಗೇ ಕೊಳೆಯುತ್ತದೆ; ಸುಣ್ಣದ ಗಾರೆಯೇ ತಕ್ಕುದು. ಮೊದಲು ಮಾಡು, ನಂತರ ಗೋಡೆ, ಕಡೆಗೆ ನೆಲ. ಕಂಬಗಳನ್ನು ಕೇಳಿಕೊಂಡು ಬರುವ ವ್ಯಾಪಾರಿಗಳಿಗೆ ಬಾಗಿಲು ತೆರೆಯಬೇಡಿ. ನಗರದ ಬಂಗಲೆಗಳ ಹಜಾರದಲ್ಲಿ ಭಾರವಿಲ್ಲದೆ ನಿಂತಿರುವ ಕೆತ್ತನೆಯ ಕಂಬಗಳು ಯಾರದೋ ತೊಟ್ಟಿಯನ್ನು ಹೊತ್ತಿದ್ದಂಥವು.

ಅಸಾಧ್ಯವೆನ್ನುವವರು ಕುಪ್ಪಳಿಗೆ ಹೋಗಿ ನೋಡಲಿ. ಅಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯನ್ನು ಪ್ರತಿಷ್ಠಾನವು ಹಳೆಯ ರೂಪದಲ್ಲಿಯೇ ಉಳಿಸಿಕೊಂಡಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿವಿನಂಚಿನ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿದರು. ಅವುಗಳಲ್ಲಿ ವೀರಶೈವ ಜಂಗಮ ಮಠವೂ ಒಂದು. ಅಷ್ಟು ಸಾಹಸ ನಮ್ಮಿಂದಾಗದು. ಇದ್ದಲ್ಲಿಯೇ ಉಳಿಸಿಕೊಂಡರೆ ಸಾಕು.

ಈಗ ಹನ್ನೊಂದರಲ್ಲಿ ಒಂಬತ್ತು ಮಂದಿ ಒಪ್ಪಿದ್ದಾರೆ. ಹಿರಿಯ ಸೋದರತ್ತೆಯವರು ಪಾಲಿನ ಹಣ ಬೇಡವೆಂದಿದ್ದಾರೆ. ತಾವು ಹುಟ್ಟಿದ ನಡುಕೋಣೆ ತಮ್ಮ ಹೆಸರಿನಲ್ಲಿರಬೇಕಂತೆ. ಉಳಿದಿಬ್ಬರ ಮನೆಗೆ ಬರುವ ಭಾನುವಾರ ಹೋಗುತ್ತಿದ್ದೇವೆ. ಅಷ್ಟರಲ್ಲಿ ಮಳೆ ಹಿಡಿದೀತೆಂದು, ಸೋರುವ ಮೂಲೆಗೆ ತಗಡು ಹೊದಿಸಿ ಬಂದಿದ್ದೇವೆ.